ಅತ್ತೆ ಕಾಲದ ಹಾಡು

"ಇದನ್ನ ಎಲ್ಲಿಂದ ಕದ್ರಿ?"

ಕೌಸಲ್ಯ ಕೇಳಿದ್ದು ಮೆಲ್ಲಗೆ. ಆದರೂ ಅಂಜನಮೂರ್ತಿಯ ಮುಖ ಕಪ್ಪಿಟ್ಟಿತು.

1974. ತುಮಕೂರಿನ ಕಾಲೇಜು. ಕೊನೆಯ ಪರೀಕ್ಷೆ ಮುಗಿದಿತ್ತು. ಅವಳ ಕೈಯಲ್ಲಿ ಅವನು ಆಗತಾನೆ ಕೊಟ್ಟ ಹಾಳೆ.

ಬಾವಿಗಿಳಿದ ಕೊಡ ತುಂಬಿ ಬಂತಲ್ಲೇ
ನಿನ್ನ ಬೀದಿಗೆ ಬಂದ ನಾ ಬರಿದಾಗಿ ಹೋದೆ

"ಇದು ಹಳ್ಳಿ ಹೆಂಗಸರ ಹಾಡು. ನನಗೋಸ್ಕರ ನೀವೇ ಒಂದು ಬರೀಬಹುದಿತ್ತು."

ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಅವನು ಒಂದು ಮಾತು ಆಡಿದ್ದರೆ... ಅವಳು ಎಂಟು ವರ್ಷ ಹಾಗೇ ಅಂದುಕೊಂಡಳು. ನೋಡಲು ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಕಾರಣ ಮಾತ್ರ ಅಪ್ಪನಿಗೂ ಹೇಳಲಿಲ್ಲ.

1982ರಲ್ಲಿ ಜನಪದ ಗೀತೆ ಸಂಗ್ರಹಿಸಲು ಟೇಪ್ ರೆಕಾರ್ಡರ್ ಹಿಡಿದು ಗುಬ್ಬಿ ಹತ್ತಿರದ ರಾಗಿ ಹೊಲವೊಂದಕ್ಕೆ ಹೋದಳು. ಕಳೆ ಕೀಳುತ್ತಿದ್ದ ಪುಟ್ಟಗಂಗಮ್ಮ ಹಾಡು ಎತ್ತಿದಳು.

ಅದೇ ಬಾವಿ. ಅದೇ ಕೊಡ.

ಹಾಗಾದರೆ ಕದ್ದಿದ್ದು ನಿಜ... ತನ್ನ ಮಾತೇ ಸರಿಯಾಗಿದ್ದಕ್ಕೆ ಅವಳಿಗೆ ಅಳು ಬಂತು.

"ಯಾರು ಕಟ್ಟಿದ್ದಮ್ಮ ಇದು?"

"ನಮ್ಮತ್ತೆ ಕಾಲದ್ದು ಕಣವ್ವ."

"ನಿಮ್ಮತ್ತೆ ಬಾಯಲ್ಲಿ ಬೈಗುಳ ಬುಟ್ಟು ಇನ್ನೇನ್ ಬತ್ತಿತ್ತೇ?" ಪಕ್ಕದ ಸಾಲಿನ ರಂಗಮ್ಮ ನಕ್ಕಳು. "ಅಂಜನಮೂರ್ತಿ ಮೇಷ್ಟ್ರು ನಮಗೆ ಅಕ್ಷರ ಕಲ್ಸಕ್ಕೆ ಬೋರ್ಡ್ ಮೇಲೆ ಬರ್ದಿದ್ದಲ್ವಾ? ಅದಕ್ಕೆ ಮುಂಚೆ ಈ ಸೀಮೇಲಿ ಯಾರ್ ಕೇಳಿದ್ರು? ಯಾರ್ದು ಮೇಷ್ಟ್ರೇ ಅಂದ್ರೆ, ನಿಮ್ದೇ ಹಾಡು ಅಂದ್ರು. ಪಾಪ, ಮದುವೇನೂ ಆಗ್ಲಿಲ್ಲ. ಈಗ ಕುಣಿಗಲ್‌ಗೆ ವರ್ಗ ಆಗ್ಯದೆ."

ಕೌಸಲ್ಯಳ ಕೈ ಟೇಪ್ ನಿಲ್ಲಿಸುವುದನ್ನೂ ಮರೆಯಿತು.

"ಕೊನೇದು ಮಾತ್ರ ನಾವ್ ಸೇರ್ಸಿದ್ದು," ಎಂದಳು ಪುಟ್ಟಗಂಗಮ್ಮ. "ಹುಡುಗಿ ಏನೂ ಅನ್ನದೆ ಹಾಡು ಹೆಂಗ್ ಮುಗೀತದೆ?"

ಮರುದಿನ ಕುಣಿಗಲ್‌ನ ಶಾಲೆಯ ಜಗಲಿಯಲ್ಲಿ ಅವನು ಎದುರು ನಿಂತಾಗ, ಎಂಟು ವರ್ಷ ಕಿವಿಯ ಮೇಲಿನ ಕೂದಲಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ನೀವೇ ಬರೆದದ್ದು ಅಂತ ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ನಂಬಲಿಲ್ಲ. ನಂಬೋರಿಗೆ ಕೊಟ್ಟುಬಿಟ್ಟೆ."

"ತಪ್ಪು ನಂದು," ಎಂದಳು. "ಅವರು ಹುಡುಗಿ ಮಾತೊಂದು ಸೇರಿಸಿದ್ದಾರೆ. ಗೊತ್ತಾ?"

"ಇಲ್ಲ. ಏನಂತ?"

ಅವಳಿಗೆ ಹಾಡಲು ಬರುತ್ತಿರಲಿಲ್ಲ. ನೆಲ ನೋಡುತ್ತಾ ಹೇಳಿದಳು:

ಒಂದು ಮೊಳ ಹಗ್ಗ ಸಾಲದೆ ತಿರುಗಿ ಹೋದ್ಯಲ್ಲೋ
ನನ್ನ ಬಾವೀಲಿ ನೀರು ಬತ್ತಿರಲಿಲ್ಲ

ಅವನು ಶಾಲೆಯ ಬಾಗಿಲಿಗೆ ಬೀಗ ಹಾಕಿ ಬಂದ.

"ತುಮಕೂರಿಗೆ ಐದೂವರೆಗೆ ಬಸ್ಸಿದೆ. ಸ್ಟ್ಯಾಂಡ್ ತನಕ ಬರ್ಲಾ?"

"ಮನೆ ತನಕ ಬನ್ನಿ," ಅಂದಳು. "ಅಪ್ಪನಿಗೆ ಕಾರಣ ಹೇಳ್ಬೇಕು."