ಮೂರು ನಿಮಿಷ ಮೀರಿದ ಮಾತು

ತಾಲೀಮಿನಲ್ಲಿ ಮಾತು ಮುಗಿಸಿ ಅವಳು ತಲೆಯೆತ್ತಿದಾಗ ಸೌಂಡ್ ಆಪರೇಟರ್ ಬಾಯ್ತುಂಬ ಆಕಳಿಸುತ್ತಿದ್ದ.

ಅವಳಿಗೆ ಮೈಯೆಲ್ಲ ಉರಿಯಿತು. ಐದು ವರ್ಷದ ಪಿಎಚ್‌ಡಿ ಕೆಲಸವನ್ನು ಮೂರೇ ನಿಮಿಷದಲ್ಲಿ, ವಿಷಯ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳುವ ಸ್ಪರ್ಧೆ ನಾಳೆ. ಸಮಯ ಮೀರಿದವರು ಸ್ಪರ್ಧೆಯಿಂದಲೇ ಹೊರಗೆ.

"ಅಷ್ಟೊಂದು ಬೇಜಾರಾಯ್ತಾ?"

"ಅಯ್ಯೋ ಇಲ್ಲ ಮೇಡಂ!" ಅವನು ತಡಬಡಾಯಿಸಿ ಎದ್ದ. "ದನಿ ಚೆನ್ನಾಗಿದೆ. ಆದ್ರೆ... ಒಂದಕ್ಷರಾನೂ ತಲೆಗೆ ಹೋಗ್ಲಿಲ್ಲ."

ಸಿಟ್ಟಿನಲ್ಲೂ ಅವಳಿಗೆ ನಗು ಬಂತು. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. "ನನ್ ವಿಷಯ ಇಷ್ಟೇ. ವಯಸ್ಸಾಗಿ ಕಿವಿ ಮಂದ ಆದವರಿಗೆ ದನಿ ಕೇಳ್ಸುತ್ತೆ, ಅಕ್ಷರ ಬಿಡಿಸೋಕಾಗಲ್ಲ. 'ಸ', 'ತ' ಇಂಥವು ಮೊದ್ಲು ಮಾಯ. ನಾವು 'ಸಾಕಾ' ಅಂದ್ರೆ ಅವರಿಗೆ ಬರೀ 'ಆಕಾ'. ಕಿರುಚಿದ್ರೆ ಆ 'ಆ' ಜೋರಾಗುತ್ತೆ, ಅಷ್ಟೇ. ಎದುರಿಗೆ ಬಂದು ನಿಧಾನವಾಗಿ ಹೇಳ್ಬೇಕು."

ಅವನ ಮುಖದ ತುಂಟತನ ಇಳಿಯಿತು.

"ನಮ್ಮಮ್ಮ ಎರಡು ವರ್ಷದಿಂದ ಏನ್ ಕೇಳಿದ್ರೂ ಸುಮ್ನೆ ಹೂಂ ಅಂತಾರೆ. ನನ್ ಮೇಲೆ ಮುನಿಸು ಅಂದ್ಕೊಂಡಿದ್ದೆ. ದಿನಾ ಕೂಗಾಡ್ತೀನಿ." ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಕೆಳಗಿಟ್ಟ. "ದಿನವೆಲ್ಲ ಸೌಂಡ್ ಜೊತೆ ಇರೋನು ನಾನು. ನಂಗೇ ಗೊತ್ತಾಗ್ಲಿಲ್ಲ ನೋಡಿ."

"ನಾಳೆ ಕರ್ಕೊಂಡ್ ಬನ್ನಿ," ಎಂದಳು ಮೆಲ್ಲಗೆ. ಮನೆಗೆ ಹೋಗಿ, ಬರೆದಿದ್ದನ್ನೆಲ್ಲ ಹೊಡೆದುಹಾಕಿ, ಅವನಿಗೆ ಹೇಳಿದಂತೆಯೇ ಮತ್ತೆ ಬರೆದಳು.

ಮರುದಿನ ಅವನ ತಾಯಿ ಮೂರನೇ ಸಾಲಿನಲ್ಲಿದ್ದರು. ಅವಳು ಕೊನೆಯ ಮಾತು ಆಡಿದಾಗ ಇಡೀ ಸಭೆ ತಲೆದೂಗಿತು, ಆಕೆ ಮಾತ್ರ ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಕೇಳಿಸಿರಲಿಲ್ಲ. ಗಡಿಯಾರದಲ್ಲಿ ಐದು ಸೆಕೆಂಡು ಉಳಿದಿತ್ತು. ಅಲ್ಲೇ ನಮಸ್ಕಾರ ಹೇಳಿ ಮುಗಿಸಬಹುದಿತ್ತು.

ಅವಳು ಮೆಟ್ಟಿಲಿಳಿದು ಹೋಗಿ ಆಕೆಯ ಮುಂದೆ ಮಂಡಿಯೂರಿದಳು. ಸಮಯ ಮುಗಿದ ಗಂಟೆ ಬಡಿಯಿತು. ನಿಯಮದಂತೆ ಅವನು ಮೈಕ್ ಆಫ್ ಮಾಡಿದ. ಬರಿಯ ದನಿಯಲ್ಲೇ ಅವಳು ಆ ಕೊನೆಯ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು: "ಅಮ್ಮ ಹೂಂ ಅಂದ್ರೆ ಅದು ಮುನಿಸಲ್ಲ. ಕೇಳಿಸಿರಲ್ಲ."

"ಅದೇ ಕಣಮ್ಮಾ, ಅದೇ!" ಎನ್ನುತ್ತ ಆಕೆ ಅವಳ ಕೆನ್ನೆ ಸವರಿ, ತಿರುಗಿ ಮಗನನ್ನು ನೋಡಿದರು. ಅವನು ಕಣ್ಣು ತಗ್ಗಿಸಿದ.

ತೀರ್ಪುಗಾರರು ಅವಳ ಹೆಸರು ಹೊಡೆದುಹಾಕಿದರು.

ಸಭಾಂಗಣ ಖಾಲಿಯಾದ ಮೇಲೆ ಅವನು ವೈರ್ ಸುತ್ತುತ್ತ ಹತ್ತಿರ ಬಂದ. "ನನ್ ಕೈಯಾರೆ ನಿಮ್ ಮೈಕ್ ಆಫ್ ಮಾಡ್ದೆ."

"ನಿಮ್ ಕೆಲಸ ನೀವು ಮಾಡಿದ್ರಿ."

"ಬಹುಮಾನ ಹೋಯ್ತಲ್ಲ."

"ಹೋಯ್ತು. ಹೊಟ್ಟೆ ಉರೀತಿದೆ," ಎಂದು ಕಣ್ಣೊರೆಸಿಕೊಂಡು ನಕ್ಕಳು.

"ಅಮ್ಮ ನಿಮ್ಮನ್ನ ಮನೆಗೆ ಕರೀತಿದ್ದಾರೆ."

"ಅಮ್ಮ ಮಾತ್ರಾನಾ?"

ವೈರ್ ಸುತ್ತುವ ಕೈ ನಿಂತಿತು. ಅವನ ಮುಖ ಕೆಂಪೇರಿತು. "ನಾನೂ. ಅಮ್ಮಂದು ನೆಪ. ನೀವು ಮೆಟ್ಟಿಲಿಳಿದು ಬಂದ್ರಲ್ಲ, ಆಗ್ಲೇ ಮನಸ್ಸು ಕೈತಪ್ಪಿ ಹೋಯ್ತು. ನೀವಂದ್ರೆ ನಂಗಿಷ್ಟ."

ಅವಳು ನೆಲದ ಮೇಲಿದ್ದ ವೈರಿನ ಇನ್ನೊಂದು ತುದಿ ಎತ್ತಿಕೊಂಡು, ಸುತ್ತುತ್ತ ಸುತ್ತುತ್ತ ಅವನತ್ತ ಬಂದಳು. ವೈರ್ ಮುಗಿದಲ್ಲಿ ಅವನ ಕೈ ಸಿಕ್ಕಿತು. ಬಿಡಲಿಲ್ಲ.

"ನಡೀರಿ," ಎಂದಳು, "ಅಮ್ಮ ಕಾಯ್ತಿದ್ದಾರೆ."