ಮಹಡಿಯ ಮೇಲಿನ ವಕೀಲರು

೧೯೯೬ರ ಏಪ್ರಿಲ್ ೧೮, ಗುರುವಾರ. ಬೆಳಿಗ್ಗೆ ಎಂಟಕ್ಕೆ ಸ್ಮಶಾನ ನೋಡಿಕೊಳ್ಳುವ ಮುದುಕ ಆಲ್ಡನ್ ಪೈಕ್ ಠಾಣೆಗೆ ಬಂದು, ಟೋಪಿಯನ್ನೂ ತೆಗೆಯದೆ ಬೆಂಚಿನ ಮೇಲೆ ಕುಸಿದು ಕೂತ.

"ಐದು ಪೆಟ್ಟಿಗೆ ಇಟ್ಟಿದ್ದೆ. ಆರು ಇವೆ," ಅಂದ.

ಡಿಟೆಕ್ಟಿವ್ ಸಾರ್ಜೆಂಟ್ ಲೂಸಿಯನ್ ಗೊಡ್ರೋ ಕಾಫಿ ಲೋಟ ಕೆಳಗಿಟ್ಟ. ಅಮೆರಿಕದ ವರ್ಮಾಂಟಿನ ಆ ಬೆಟ್ಟದ ಸೀಮೆಯಲ್ಲಿ ಚಳಿಗಾಲಕ್ಕೆ ನೆಲ ಕಲ್ಲಾಗಿಬಿಡುತ್ತದೆ, ಗುದ್ದಲಿ ಇಳಿಯುವುದಿಲ್ಲ. ಆಗ ಸತ್ತವರು ಸ್ಮಶಾನದ ಕಲ್ಲುಕೋಣೆಯಲ್ಲಿ ಮಣ್ಣು ಸಡಿಲವಾಗುವ ತನಕ ಕಾಯುತ್ತಾರೆ. ಈ ಸಲ ಹಿಮ ಬೇಗ ಕರಗಿತ್ತು.

"ಎಣಿಕೆ ತಪ್ಪಿರ್ಬೇಕು, ಅಜ್ಜ."

"ಎಣಿಸೋಕೆ ಬರುತ್ತೆ ಕಣಯ್ಯ ನಂಗೆ. ಆರನೇದು ಯಾರ್ದು ಅಂತಾನೂ ಗೊತ್ತು. ವೀಲಾಕ್ ವಕೀಲರ್ದು. ಆ ಪೆಟ್ಟಿಗೆ ಅವರೇ ಮಾಡ್ಕೊಂಡಿದ್ದು. ಇಷ್ಟು ವರ್ಷ ಅದರಲ್ಲಿ ಆಲೂಗಡ್ಡೆ ತುಂಬಿಡ್ತಿದ್ರು. ಮುಚ್ಚಳ ತೆಗೆದೆ. ಒಳಗೆ ಅವರೇ ಮಲಗಿದಾರೆ."

"ತೀರ್ಕೊಂಡಿದ್ದು ಯಾವಾಗ?"

ಮುದುಕ ಈಗ ಟೋಪಿ ತೆಗೆದ. "ಅದನ್ನೇ ಕೇಳೋಕ್ ಬಂದೆ. ಮೊನ್ನೆ ಮಂಗಳವಾರ ಅವರ ಆಫೀಸಿಗೆ ಹೋಗಿದ್ದೆ. ಮಹಡಿ ಮೇಲೆ ಮಾತಾಡ್ತಿದ್ರು. ಈ ಕಿವಿಯಾರೆ ಕೇಳಿದೀನಿ."

ಪೇದೆ ನೋರಾ ಕೀಫ್ ನಕ್ಕಳು. "ಬೆಳಿಗ್ಗೇನೇ ಏರಿಸ್ಕೊಂಡು ಬಂದ್ಯಾ ಅಜ್ಜ?"

"ಏರಿಸಿದ್ದಿದ್ರೆ ಒಳ್ಳೇದಿತ್ತು ಮಗಾ," ಅಂದ ಪೈಕ್. ಕೀಫಳ ನಗು ಅಲ್ಲಿಗೇ ನಿಂತಿತು.

ದೂರು ದಾಖಲಾಯಿತು. ಹತ್ತು ಗಂಟೆಗೆ ಕಲ್ಲುಕೋಣೆಯಲ್ಲಿ ಮಹಜರು. ಥರ್ಸ್ಟನ್ ವೀಲಾಕ್, ಎಪ್ಪತ್ತೊಂಬತ್ತು ವರ್ಷ, ಅವಿವಾಹಿತ. ಕರಿ ಕೋಟು, ಟೈ. ಜೇಬಿನಲ್ಲಿ ಕನ್ನಡಕ. ಸೊಂಟದಿಂದ ಕೆಳಗೆ ಚೌಕಳಿ ಕಂಬಳಿಯನ್ನು ಯಾರೋ ಜತನದಿಂದ ಸುತ್ತಿದ್ದರು. ಮೈಮೇಲೆ ಗಾಯವಿಲ್ಲ. ಸತ್ತು ತಿಂಗಳುಗಳೇ ಆಗಿವೆ, ಚಳಿ ಕಾಪಾಡಿದೆ, ಹೃದಯ ನಿಂತಿರಬೇಕು ಎಂದರು ವೈದ್ಯರು.

"ಕೊಂದವರು ಕಾಲಿಗೆ ಕಂಬಳಿ ಸುತ್ತೋದಿಲ್ಲ ಸರ್," ಅಂದಳು ಕೀಫ್.

ಗೊಡ್ರೋ ಬೀಗ ನೋಡುತ್ತಿದ್ದ. ಒಡೆದಿರಲಿಲ್ಲ. "ಕೀಲಿ ಎಷ್ಟಿದೆ ಅಜ್ಜ?"

"ಎರಡು. ಒಂದು ನಂದು. ಇನ್ನೊಂದು ವಕೀಲರ ಆಫೀಸಿನ ಗೋಡೇಲಿ ನೇತಾಡ್ತಿರುತ್ತೆ. ಸ್ಮಶಾನ ಸಮಿತಿಗೆ ಅವರೇ ಕಾರ್ಯದರ್ಶಿ ಅಲ್ವಾ."

ವೀಲಾಕರ ಕಚೇರಿ ಮುಖ್ಯಬೀದಿಯ ಎರಡಂತಸ್ತಿನ ಮರದ ಮನೆ. ಸೊಂಟ ಮುರಿದುಕೊಂಡ ಮೇಲೆ ವರ್ಷದಿಂದ ಅವರು ಮಹಡಿ ಇಳಿದಿರಲಿಲ್ಲ. ಕೋರ್ಟಿಗೂ ಹೋಗುತ್ತಿರಲಿಲ್ಲ; ಉಯಿಲು, ಕ್ರಯಪತ್ರ, ಅಷ್ಟೇ. ಬಂದವರು ಕೆಳಗೆ ಕೂರಬೇಕು, ಗುಮಾಸ್ತೆ ಡೋರ್ಕಸ್ ಲಾಪ್ಲಾಂಟ್ ಮೇಲೆ ಹೋಗಿ ಕೇಳಿಕೊಂಡು ಬರಬೇಕು. ಊರಿಗೆ ಅದು ರೂಢಿಯಾಗಿಬಿಟ್ಟಿತ್ತು.

ಹನ್ನೊಂದೂವರೆಗೆ ಗೊಡ್ರೋ ಬಾಗಿಲು ತಳ್ಳಿದ. ಕೆಳಗೆ ಡೋರ್ಕಸಳ ಕುರ್ಚಿ ಖಾಲಿ. ಮೇಲಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಮುದಿ ದನಿ, ನಿಧಾನವಾಗಿ:

"ಆದ್ದರಿಂದ ಅರ್ಜಿದಾರಳು ಈ ಮನೆಯನ್ನು ಬಿಟ್ಟುಕೊಡಲು ಕಾರಣವಿಲ್ಲ. ಪೂರ್ಣವಿರಾಮ."

ವೀಲಾಕರ ದನಿ. ಗೊಡ್ರೋ ಹೊಸ್ತಿಲಲ್ಲೇ ನಿಂತ. ಒಂದು ಗಂಟೆಯ ಕೆಳಗೆ ಆ ಬಾಯನ್ನು ಅವನು ನೋಡಿದ್ದ. ಹಿಮದ ಹುಡಿ ಕೂತಿತ್ತು. ಪಕ್ಕದಲ್ಲಿ ಕೀಫ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಇಬ್ಬರೂ ಮೆಟ್ಟಿಲು ಹತ್ತಿದರು.

ಕಿಟಕಿಯ ಬಳಿ ದೊಡ್ಡ ಚರ್ಮದ ಕುರ್ಚಿ, ಖಾಲಿ. ಅದರ ಮುಂದಿನ ಮೇಜಿನ ಮೇಲೆ, ವಕೀಲರು ಪತ್ರ ಹೇಳಿ ಬರೆಸುವ ಕ್ಯಾಸೆಟ್ ಯಂತ್ರ ತಿರುಗುತ್ತಿತ್ತು. ಎದುರಿನ ಸಣ್ಣ ಸ್ಟೂಲಿನ ಮೇಲೆ ನಲವತ್ತಾರರ ಡೋರ್ಕಸ್, ಮೊಣಕಾಲ ಮೇಲೆ ಪುಸ್ತಕ ತೆರೆದು, ಕುರ್ಚಿಯ ಕಡೆಗೇ ಮುಖಮಾಡಿ ಕೂತಿದ್ದಳು. ಬಂದವರನ್ನು ಕಂಡು ಗಾಬರಿಯಾಗಲಿಲ್ಲ.

"ಪೈಕಜ್ಜ ಕೋಣೆ ತೆಗೆದ್ನಾ?"

"ಇವತ್ತು ಬೆಳಿಗ್ಗೆ."

"ಮೇ ತನಕ ನೆಲ ಬಿಡೋದಿಲ್ಲ ಅಂದ್ಕೊಂಡಿದ್ದೆ." ಅವಳು ಪುಸ್ತಕ ಮುಚ್ಚಿದಳು. "ಯಾವತ್ತೂ ಬಿಟ್ಟಿರಲಿಲ್ಲ."

"ಯಾವಾಗ ಹೋದ್ರು?"

"ಡಿಸೆಂಬರ್ ಎರಡು. ಇದೇ ಕುರ್ಚೀಲಿ. ಚಹಾ ತರೋಕೆ ಇಳಿದಿದ್ದೆ, ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು."

"ಸಾಗಿಸಿದ್ದು?"

"ಸೌದೆ ಎಳೆಯೋ ಜಾರುಬಂಡೀಲಿ. ಮೊದಲು ಪೆಟ್ಟಿಗೆ, ಆಮೇಲೆ ಅವರು. ಕಲ್ಲುಕೋಣೆ ಹಿಂದಿನ ಕತ್ತಲೆ ಮೂಲೇಲಿಟ್ಟೆ, ಪೈಕಜ್ಜನಿಗೆ ಕಾಣ್ದಂತೆ. ಕಾಡಿನಲ್ಲಿ ಎಲ್ಲಾದ್ರೂ ಬಿಡೋಕೆ ಮನಸು ಬರಲಿಲ್ಲ. ಊರಿನವರ ಜೊತೆ ಇರ್ಲಿ, ಅವರ ಜೊತೇಲೇ ಮಣ್ಣಾಗ್ಲಿ ಅನ್ನಿಸ್ತು."

"ಯಾಕಮ್ಮಾ ಇದೆಲ್ಲ?"

ಆ ರಾಜ್ಯದಲ್ಲಿ ವಕೀಲಿಯ ಪರವಾನಗಿಗೆ ಎರಡು ದಾರಿ. ಕಾಸಿದ್ದವರಿಗೆ ಕಾನೂನು ಕಾಲೇಜು. ಇಲ್ಲದವರು ನಾಲ್ಕು ವರ್ಷ ವಕೀಲರೊಬ್ಬರ ಕಚೇರಿಯಲ್ಲೇ ಕೂತು ಓದಬಹುದು; ಡೋರ್ಕಸ್ ಹಿಡಿದದ್ದು ಆ ದಾರಿ. ಈಕೆ ಓದುತ್ತಿದ್ದಾಳೆ ಎಂದು ಆ ವಕೀಲರು ಆರು ತಿಂಗಳಿಗೊಮ್ಮೆ, ಜೂನ್ ಮತ್ತು ಡಿಸೆಂಬರಿನಲ್ಲಿ, ರುಜು ಹಾಕಿ ಪರೀಕ್ಷಾ ಮಂಡಳಿಗೆ ತಿಳಿಸಬೇಕು. ಆಮೇಲೆ ಪರೀಕ್ಷೆ. ಅದಾದ ಮೇಲೂ ಮುಗಿಯುವುದಿಲ್ಲ. ನಡತೆಯ ವಿಚಾರಣೆ ಇದೆ: ಎಂದಾದರೂ ಬಂಧನವಾಗಿತ್ತೇ, ಯಾಕೆ, ನೀನು ಸಭ್ಯಳೆಂದು ಹೇಳುವವರು ಯಾರು? ಬಡವರ ಮನೆಯ ಬಾಗಿಲಿಗೆ ಪೊಲೀಸರು ಹೆಚ್ಚು ಸಲ ಬರುತ್ತಾರೆ. ಆ ಪ್ರಶ್ನೆಗೆ ಬಡವರ ಉತ್ತರವೇ ಉದ್ದವಾಗುತ್ತದೆ.

"ಏಪ್ರಿಲ್ ಮೂವತ್ತಕ್ಕೆ ನಾಲ್ಕು ವರ್ಷ ತುಂಬ್ತಿತ್ತು," ಅಂದಳು ಡೋರ್ಕಸ್. "ಮೇ ಒಂದಕ್ಕೆ ನಾನೇ ಠಾಣೆಗೆ ಫೋನ್ ಮಾಡ್ತಿದ್ದೆ, ವಕೀಲರು ಹೋದ್ರು ಅಂತ."

"ಬೇರೆ ವಕೀಲರ ಹತ್ರ ಸೇರ್ಕೋಬಹುದಿತ್ತಲ್ಲ."

"ಸೊಂಟ ಮುರಿದಾಗಲೇ ಕೇಳಿ ನೋಡಿದ್ದೆ. ಈ ಜಿಲ್ಲೇಲಿ ಒಬ್ಬರನ್ನೂ ಬಿಡಲಿಲ್ಲ. ಕೋರ್ಟಿನಲ್ಲಿ ಅಧಿಕಾರಿ ಮೇಲೆ ಕೈಮಾಡಿದವಳು ಅಂದ್ರು. ಒಬ್ಬನಂತೂ, ಟೈಪಿಂಗ್ ಚೆನ್ನಾಗಿ ಮಾಡ್ತೀಯ, ಅದನ್ನೇ ಮಾಡ್ಕೊಂಡಿರು ಅಂದ."

"ಡಿಸೆಂಬರಿನ ರುಜು?"

"ನಾನೇ ಹಾಕಿದ್ದು."

ಯಂತ್ರದ ದನಿ ಇನ್ನೂ ಹೇಳುತ್ತಲೇ ಇತ್ತು. ಕೀಫ್ ಕೈ ಚಾಚಿದಳು.

"ಆ ವಾಕ್ಯ ಮುಗೀಲಿ, ತಾಯಿ," ಅಂದಳು ಡೋರ್ಕಸ್. "ಅರ್ಧಕ್ಕೆ ನಿಲ್ಲಿಸಿದ್ರೆ ಅವರಿಗೆ ಸಿಟ್ಟು."

ಕೀಫ್ ಕಾದಳು. ಪೂರ್ಣವಿರಾಮ ಬಂದ ಮೇಲೆಯೇ ಗುಂಡಿ ಒತ್ತಿದಳು.

ಮಧ್ಯಾಹ್ನ ೧೨:೧೦ಕ್ಕೆ ಬಂಧನ. ಆರೋಪ ಎರಡು: ಸಾವನ್ನು ಮುಚ್ಚಿಟ್ಟದ್ದು, ಸತ್ತವರ ರುಜುವನ್ನು ನಕಲು ಮಾಡಿದ್ದು. ಬಂಧಿತರಿಗೆ ಓದಿ ಹೇಳಬೇಕಾದ ಹಕ್ಕುಗಳನ್ನು ಗೊಡ್ರೋ ಓದಿದ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿದೆ ಎಂಬಲ್ಲಿಗೆ ಬಂದಾಗ ಅವನ ದನಿಯೇ ತಡವರಿಸಿತು. ಡೋರ್ಕಸ್ ಆ ಕುರ್ಚಿಯನ್ನೊಮ್ಮೆ ನೋಡಿ, ಕೈ ಮುಂದೆ ಚಾಚಿದಳು. ಪರವಾನಗಿ ಇನ್ನು ಈ ಜನ್ಮಕ್ಕಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಳೆಯ ಪ್ರಕರಣವನ್ನು ಗೊಡ್ರೋ ಸಂಜೆ ತರಿಸಿ ನೋಡಿದ. ಡೋರ್ಕಸಳಿಗೆ ಹದಿನೆಂಟು ತುಂಬಿದ್ದ ವರ್ಷ. ಕೆನಡಾದ ಕ್ವಿಬೆಕ್ಕಿನಿಂದ ಬಂದ ತಾಯಿಗೆ ಫ್ರೆಂಚ್ ಬಿಟ್ಟು ಬೇರೆ ಮಾತು ಬಾರದು. ಮನೆಯಲ್ಲಿ ಚಳಿಗೆ ಒಲೆಯಿಲ್ಲ, ಗಂಡಸಿಲ್ಲ ಎಂದು ನಾಲ್ಕು ವರ್ಷದ ತಮ್ಮನನ್ನು ಸರ್ಕಾರ ತೆಗೆದುಕೊಳ್ಳಲು ಬಂದಿತ್ತು. ಸರ್ಕಾರದ ಕಡೆ ಇಬ್ಬರು ವಕೀಲರು. ತಾಯಿಯ ಕಡೆ ಒಂದು ನಾಲಿಗೆಯೂ ಇಲ್ಲ. ಡೋರ್ಕಸ್ ಎದ್ದು ಮಾತಾಡಹೋದಳು. ಇನ್ನೊಬ್ಬರ ಪರವಾಗಿ ಮಾತಾಡಲು ನಿನಗೆ ಪರವಾನಗಿ ಇದೆಯೇನು, ಕೂತ್ಕೋ, ಎಂದರು ನ್ಯಾಯಾಧೀಶರು. ಹೊರಗೆ ಹುಡುಗನನ್ನು ಎತ್ತಿಕೊಂಡ ಅಧಿಕಾರಿಯ ಕೆನ್ನೆಗೆ ಅವಳು ಬಾರಿಸಿದ್ದಳು. ಕಡತದಲ್ಲಿ ಆ ಏಟಿನ ವಿವರ ಪೂರ್ತಿ ಇದೆ. ತಮ್ಮ ಎಲ್ಲಿಗೆ ಹೋದ ಎಂಬುದಿಲ್ಲ.

ಸೋಮವಾರ, ಅದೇ ಕೋರ್ಟು. ಈಗಿನ ನ್ಯಾಯಾಧೀಶರು ತಲೆಯೆತ್ತದೆ ಕೇಳಿದರು: "ನಿಮ್ಮ ಪರ ಯಾರು ಮಾತಾಡ್ತಾರೆ?"

ಡೋರ್ಕಸ್ ಎದ್ದು ನಿಂತಳು. "ನಾನೇ, ಸ್ವಾಮಿ. ನನ್ನ ಪರ ನಾನು ಮಾತಾಡೋಕೆ ಪರವಾನಗಿ ಬೇಡ. ಇದೊಂದಕ್ಕೆ ಬೇಡ."

ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. "ಹೇಳಿ."

ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ನಿಧಾನವಾಗಿ, ಅವಸರವಿಲ್ಲದೆ, ಪ್ರತಿ ವಾಕ್ಯದ ಕೊನೆಗೂ ಒಂದು ಕ್ಷಣ ನಿಲ್ಲುತ್ತ. ಆ ನಿಲುಗಡೆಯಲ್ಲಿ ಅವಳು ಏನನ್ನೂ ಹೇಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗೊಡ್ರೋಗೆ ಮಾತ್ರ ಪ್ರತಿ ಸಲವೂ, ಮೇಲೆಲ್ಲಿಂದಲೋ ಬಂದಂತೆ, ಮುದಿ ದನಿಯೊಂದು ಕೇಳಿಸುತ್ತಿತ್ತು: ಪೂರ್ಣವಿರಾಮ.