ಅವನ ಮಾತೂ ಕೇಳಬೇಕಿತ್ತು

"ಸ್ವಾಮಿ, ಹಿಂದಿನ ಬೆಂಚಲ್ಲಿ ಕೂತು ಬರ್ಕೊಳ್ತಾ ಇರೋ ಮೇಡಮ್ ಯಾರು ಅಂತ ಗೊತ್ತಾಗಬೇಕು. ನಮ್ಮ ಸಾಕ್ಷಿ ಹೆದರ್ಕೊಂಡಿದ್ದಾರೆ."

ಕರಿಕೋಟಿನ ಯುವ ವಕೀಲ ಜಗನ್ ಹೀಗೆಂದಾಗ ಚಿಂತಾಮಣಿಯ ಇಡೀ ಕೋರ್ಟು ಹಾಲು ತಿರುಗಿ ನೋಡಿತು. ಕಲ್ಯಾಣಿಯ ಮುಖ ಕೆಂಪಾಯಿತು.

ಅವಳು ಎದ್ದು ನಿಂತು, ತಾನು ಗೌರಿಬಿದನೂರಿನವಳು, ತಾಲ್ಲೂಕು ಕೋರ್ಟುಗಳು ಒಂದು ತೀರ್ಮಾನಕ್ಕೆ ಹೇಗೆ ಬರುತ್ತವೆ, ಅದಕ್ಕೆ ಏನು ಕಾರಣ ಬರೆಯುತ್ತವೆ ಎಂದು ಪಿಎಚ್.ಡಿ. ಮಾಡುತ್ತಿದ್ದೇನೆ, ಅನುಮತಿ ಪಡೆದೇ ಬಂದಿದ್ದೇನೆ ಎಂದಳು. ನ್ಯಾಯಾಧೀಶರು ಕೂರಲು ಹೇಳಿದರು.

'ಎಷ್ಟು ಸೊಕ್ಕು ಇವನಿಗೆ...' ಅಂದುಕೊಂಡಳು.

ಸಾಕ್ಷಿ ಕಟಕಟೆಯಲ್ಲಿದ್ದವರು ಅಶ್ವತ್ಥಮ್ಮ. ಆಂಧ್ರದ ಗಡಿಗೆ ತಗುಲಿಕೊಂಡ ಹಳ್ಳಿಯ ಮುದುಕಿ, ಆಡುವುದೆಲ್ಲ ತೆಲುಗು. ಅಪ್ಪನ ಜಮೀನಿನಲ್ಲಿ ಪಾಲು ಕೇಳಿ ಸ್ವಂತ ಅಣ್ಣನ ಮೇಲೆ ದಾವೆ ಹೂಡಿದ್ದರು. ಅಣ್ಣನ ಕಡೆಯ ವಕೀಲರು ಪಾಟೀಸವಾಲಿನಲ್ಲಿ ಒತ್ತಿ ಒತ್ತಿ ಕೇಳಿದಾಗ ಆಕೆ ಕಣ್ಣೊರೆಸಿಕೊಂಡು ಅಂದರು, "ಅನ್ನತೋ ನಾಕು ತಗಾದಾ ವದ್ದಯ್ಯಾ."

ಅಣ್ಣನ ಜೊತೆ ನನಗೆ ಜಗಳ ಬೇಡಪ್ಪ ಎಂದಷ್ಟೇ ಅದರ ಅರ್ಥ. ಆದರೆ ನ್ಯಾಯಾಧೀಶರು ಧಾರವಾಡದ ಕಡೆಯವರು, ತೆಲುಗು ಬಾರದು. ಬೆರಳಚ್ಚು ಮಾಡುವವರು ಅವಸರದಲ್ಲಿದ್ದರು. ದಾಖಲಾದದ್ದು, 'ಅಣ್ಣನ ಬಗ್ಗೆ ನನ್ನ ತಕರಾರಿಲ್ಲ.'

ಅಜ್ಜಿಯ ಮಡಿಲಲ್ಲಿ ತೆಲುಗು ಕೇಳಿ ಬೆಳೆದಿದ್ದ ಕಲ್ಯಾಣಿಗೆ ಈ ತಪ್ಪು ಥಟ್ಟನೆ ಹೊಳೆಯಿತು. ಅಶ್ವತ್ಥಮ್ಮನ ವಕೀಲ ಅವನೇ, ಆ ಜಗನ್. ಅವನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿ ಕಾಗದ ತಿರುವುತ್ತಿದ್ದ. ಊಟದ ಬಿಡುವಿಗೇ ಅವಳು ಬಸ್ಸು ಹಿಡಿಯಲು ಹೊರಟಳು.

ಗೇಟಿನ ಬಳಿ ಅವನು ಓಡಿಬಂದ. "ಅಜ್ಜಿ ನಡುಗ್ತಾ ಇದ್ರು, ಅದಕ್ಕೇ ಕೇಳ್ದೆ. ಬೇಜಾರ್ ಮಾಡ್ಕೋಬೇಡಿ."

ಆ ದನಿಯಲ್ಲಿ ಸೊಕ್ಕಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಕ್ಯಾಂಟೀನಿನ ಟೀ ಇಬ್ಬರಿಗೂ ಅಭ್ಯಾಸವಾಯಿತು. ತನ್ನ ಮನೆತನದಲ್ಲಿ ಮೊದಲು ವಕೀಲನಾದವನು ತಾನೇ ಎಂದು ಅವನು ಹೇಳಿಕೊಂಡ. ಕಲ್ಯಾಣಿಯ ಗೆಳತಿ ರೂಪಳನ್ನು ಕರೆದುಕೊಂಡು ಮೂವರೂ ಕೈವಾರದ ದೇವಸ್ಥಾನಕ್ಕೆ ಹೋಗಿಬಂದರು. ಜಡ್ಜು ಹೇಗೆ ತೀರ್ಮಾನ ಮಾಡ್ತಾರೆ ಅಂತ ಅವಳು ಅಲ್ಲೂ ಕೇಳಿದಾಗ ಅವನು ನಕ್ಕ.

"ಮೊದ್ಲು ಮನಸ್ಸಿಗೆ ಒಂದು ಅನ್ಸುತ್ತೆ. ಕಾರಣ ಆಮೇಲೆ ಹುಡುಕ್ತೀವಿ. ಎಲ್ರೂ ಅಷ್ಟೆ."

'ನನ್ನ ಮನಸ್ಸಿಗೂ ಏನೋ ಅನ್ನಿಸಿಬಿಟ್ಟಿದೆಯಲ್ಲ...' ಕಲ್ಯಾಣಿ ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ತೀರ್ಪು ಬಂತು. ಅಶ್ವತ್ಥಮ್ಮ ಸೋತಿದ್ದರು. ತನಗೆ ತಕರಾರಿಲ್ಲವೆಂದು ವಾದಿಯೇ ಒಪ್ಪಿದ್ದಾಳೆ ಎಂಬುದೇ ಮುಖ್ಯ ಕಾರಣ. ಆ ಮುದುಕಿ ಕೋರ್ಟಿನ ಜಗಲಿಯ ಮೇಲೆ ಸೆರಗು ಬಾಯಿಗಿಟ್ಟು ಕೂತಿದ್ದನ್ನು ನೋಡಿದ ಕಲ್ಯಾಣಿ ಅಂದೇ ತೀರ್ಪಿನ ನಕಲು ತರಿಸಿ ಓದಿದಳು.

ಅವತ್ತು ಜಗನ್ ಯಾಕೆ ಸುಮ್ಮನಿದ್ದ?

ಕೇಳಬಹುದಿತ್ತು. ಕೇಳಲಿಲ್ಲ. ಪ್ರಬಂಧ ಬರೆದಳು. ಚಿಕ್ಕಬಳ್ಳಾಪುರದ ವಿಚಾರ ಸಂಕಿರಣದಲ್ಲಿ, ಹೆಸರುಗಳನ್ನು ಬಿಟ್ಟು, ಆ ಪ್ರಸಂಗ ಓದಿದಳು. "ಸಾಕ್ಷಿಯ ಸ್ವಂತ ವಕೀಲರೇ ಮೌನವಾಗಿ ಕುಳಿತಿದ್ದರು" ಎಂಬ ಸಾಲಿಗೆ ಬಂದು ತಲೆಯೆತ್ತಿದರೆ ಸಭೆಯ ಕೊನೆಯ ಕುರ್ಚಿಯಲ್ಲಿ ಜಗನ್! ಅವಳು ಮಾತಾಡುವುದನ್ನು ಕೇಳಲೆಂದೇ, ಹೇಳದೆ ಕೇಳದೆ ಬಂದಿದ್ದ.

ಜನ ಕರಗುವ ತನಕ ಅವನು ಕಾದ.

"ಅವತ್ತು ನೀವು ಹೋದ್ಮೇಲೆ, ಮಧ್ಯಾಹ್ನ ಹೇಳಿಕೆ ಓದಿ ಹೇಳುವಾಗ ನಾನು ಎದ್ದು ನಿಂತು ತಪ್ಪಾಗಿದೆ ಅಂದೆ ಕಲ್ಯಾಣಿ. ತಿದ್ದಿ ಅಂತ ಅರ್ಜಿನೂ ಹಾಕ್ದೆ, ವಜಾ ಆಯ್ತು. ನೀವು ತೀರ್ಪು ಓದಿದ್ರಿ, ಫೈಲ್ ನೋಡ್ಲಿಲ್ಲ. ನನ್ನನ್ನೂ ಕೇಳ್ಲಿಲ್ಲ. ಕೋರ್ಟಾದ್ರೂ ಎರಡೂ ಕಡೆ ಒಂದ್ಸಲ ಕೇಳುತ್ತೆ."

ಅವನು ಹೊರಟುಹೋದ.

ಮರುದಿನ ಅದೇ ವೇದಿಕೆ ಹತ್ತಿ, ಅದೇ ಜನರೆದುರು, ತಾನು ಓದಿದ ಸಾಲು ಸುಳ್ಳೆಂದು ಹೇಳಿದಳು. ಅವನು ಫೋನ್ ಎತ್ತಲಿಲ್ಲ. ಮೇಲಿನ ಕೋರ್ಟಿಗೆ ಅವನು ಮೇಲ್ಮನವಿ ಹಾಕಿದ್ದಾನೆಂದು, ಅವನೊಡನೆ ಮಾತಾಡಿದ್ದ ರೂಪಳಿಂದ ತಿಳಿಯಿತು. ಆ ಮಾತು ಕಿವಿಯಾರೆ ಕೇಳಿದ, ಯಾರ ಕಡೆಯೂ ಅಲ್ಲದ, ತೆಲುಗು ಬಲ್ಲ ವ್ಯಕ್ತಿ ತಾನೊಬ್ಬಳೇ ಅಲ್ಲವೇ?

ಸಾಕ್ಷಿ ಹೇಳುತ್ತೇನೆ ಎಂದಾಗ ಅವಳ ಪಿಎಚ್.ಡಿ. ಮಾರ್ಗದರ್ಶಕಿ ಶ್ಯಾಮಲಮ್ಮನವರು ಪ್ರೀತಿಯಿಂದಲೇ ಎಚ್ಚರಿಸಿದರು. "ನೋಡೋಕೆ ಹೋದೋಳು ಸಾಕ್ಷಿಯಾದ್ರೆ ಆ ಅಧ್ಯಾಯ ಪೂರ್ತಿ ಬಿಡಬೇಕಾಗುತ್ತಮ್ಮ. ಒಂದು ವರ್ಷದ ಕೆಲಸ."

ಕಲ್ಯಾಣಿ ಚಿಂತಾಮಣಿಯ ಬಸ್ಸು ಹತ್ತಿದಳು.

ಜಗನ್‌ನ ಕಚೇರಿಯ ಬಾಗಿಲಲ್ಲಿ ನಿಂತು, ಅಫಿಡವಿಟ್ ಕೊಡುತ್ತೇನೆ ಎಂದಳು. ಅವನು ಬೇಡವೆಂದ. ಓದು ಹಾಳು ಮಾಡಿಕೊಂಡು ತನಗೇನೂ ಉಪಕಾರ ಮಾಡಬೇಕಿಲ್ಲ ಎಂದ.

"ನಿಮಗೋಸ್ಕರ ಅಲ್ಲ," ಎಂದಳು ಅವಳು. "ಆ ಮಾತು ನನ್ನ ಕಿವಿಗೆ ಬಿದ್ದಿದೆ. ಬಿದ್ದ ಮೇಲೆ ಸುಮ್ನಿರೋಕೆ ಆಗಲ್ಲ."

ಅವನು ಕುರ್ಚಿ ಎಳೆದು ಕೊಟ್ಟ.

ಮೇಲಿನ ಕೋರ್ಟು ಅವಳ ಹೇಳಿಕೆಯನ್ನು ಒಪ್ಪಿತು. ತೆಲುಗು ಬಲ್ಲವರನ್ನು ಜೊತೆಗಿಟ್ಟುಕೊಂಡು ಅಶ್ವತ್ಥಮ್ಮನನ್ನು ಮತ್ತೆ ವಿಚಾರಿಸಿ ಹೊಸದಾಗಿ ತೀರ್ಪು ಕೊಡಬೇಕೆಂದು ದಾವೆಯನ್ನು ಕೆಳಗೆ ಕಳಿಸಿತು. ಮರುವಿಚಾರಣೆಯ ದಿನ ಮುದುಕಿ ನಿಧಾನವಾಗಿ, ಅಂಜದೆ ಮಾತಾಡಿದರು. ಅಣ್ಣನ ಮೇಲೆ ಪ್ರೀತಿಯೂ ಇದೆ, ಅಪ್ಪನ ಮಣ್ಣಲ್ಲಿ ಪಾಲೂ ಬೇಕು ಎಂದರು. ಈ ಸಲ ಹೇಳಿದ್ದು ಹೇಳಿದಂತೆಯೇ ದಾಖಲಾಯಿತು. ಕೊನೆಗೆ ಪಾಲೂ ಸಿಕ್ಕಿತು.

ತೀರ್ಪಿನ ಸಂಜೆ ಬಸ್ ನಿಲ್ದಾಣದವರೆಗೆ ಜಗನ್ ಅವಳ ಜೊತೆ ನಡೆದು ಬಂದ.

"ಅವತ್ತೇ ನನ್ನನ್ನ ಯಾಕೆ ಕೇಳ್ಲಿಲ್ಲ?"

ಅವಳು ತಡವರಿಸಿದಳು. "ಭಯ ಆಯ್ತು. ಆ ತಪ್ಪು ಗಮನಿಸ್ಲೇ ಇಲ್ಲ ಅಂದ್ಬಿಡ್ತೀರೇನೋ ಅಂತ. ನಿಮ್ಮನ್ನ ಎಷ್ಟೊಂದು ನಂಬ್ಕೊಂಡಿದ್ದೆ... ಅದು ಹೋಗ್ಬಿಟ್ರೆ ಏನ್ ಮಾಡ್ಲಿ ಅಂತ."

ಅವನ ಕಣ್ಣು ತುಂಬಿತು. "ನಾನೂ ಫೋನ್ ಎತ್ಬೇಕಿತ್ತು. ಎತ್ತಿದ್ರೆ ಅತ್ಬಿಡ್ತಿದ್ದೆ, ಅದಕ್ಕೇ ಎತ್ಲಿಲ್ಲ. ಇನ್ಮೇಲೆ ಏನೇ ಇದ್ರೂ ಮೊದ್ಲು ನನ್ನ ಹತ್ರ ಕೇಳ್ತೀಯಾ?"

'ಕೇಳ್ತೀರಾ' ಹೋಗಿ 'ಕೇಳ್ತೀಯಾ' ಆದದ್ದು ಅವಳಿಗೆ ಕೇಳಿಸಿತು.

"ಕೇಳ್ತೀನಿ. ಅದಕ್ಕೆ ನೀವು ದಿನಾ ಹತ್ರಾನೇ ಇರಬೇಕಲ್ಲ."

"ಇರ್ತೀನಿ. ನಮ್ಮಮ್ಮಂಗೆ ಹೇಳಾಯ್ತು. ಗೌರಿಬಿದನೂರಿಗೆ ಯಾವಾಗ ಹೋಗಣ ಅಂತ ಅವರೇ ಕೇಳ್ತಾ ಇದ್ದಾರೆ."

ಕಲ್ಯಾಣಿ ಅವನ ಕೈ ಹಿಡಿದುಕೊಂಡಳು.

"ಭಾನುವಾರ ಬನ್ನಿ. ಅಪ್ಪ ಮನೇಲಿರ್ತಾರೆ."